147573952589676412927: ಒಂದೇ ಸಂಖ್ಯೆಯನ್ನು ಒಡೆಯಲು ಕಟ್ಟಿದ ಪುಟ್ಟ ಯಂತ್ರ

ಈ ಇಪ್ಪತ್ತೊಂದು ಅಂಕಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮೇಜಿನ ಎದುರಿನ ಗೋಡೆಗೆ ಅಂಟಿಸಿ ಬಹಳ ದಿನವಾಯಿತು. 67 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ ಇದು: 2⁶⁷ − 1. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ 67 ಒಂದುಗಳು, ಬೇರೇನೂ ಇಲ್ಲ. ನೋಡಲು ಇಷ್ಟು ಸರಳವಾದದ್ದು ಎರಡೂವರೆ ಶತಮಾನ ಯಾರ ಕೈಗೂ ಸಿಗದೆ ಉಳಿಯಿತು ಎಂಬುದೇ ನನಗೆ ಇದರ ಮೇಲೆ ಮೋಹ ಹುಟ್ಟಿಸಿತು.

1644ರಲ್ಲಿ ಫ್ರಾನ್ಸಿನ ಮರಿನ್ ಮರ್ಸೆನ್ ಈ ಜಾತಿಯ ಅವಿಭಾಜ್ಯ ಸಂಖ್ಯೆಗಳ ಪಟ್ಟಿಯೊಂದನ್ನು ಕೊಟ್ಟರು. ಅದರಲ್ಲಿ 67ನೇ ಘಾತದ ಈ ಸಂಖ್ಯೆಯೂ ಇತ್ತು. 1876ರಲ್ಲಿ ಎದುವಾರ್ ಲುಕಾ ಅದು ತಪ್ಪು, 2⁶⁷ − 1 ಸಂಯುಕ್ತ ಸಂಖ್ಯೆ ಎಂದು ತೋರಿಸಿದರು. ಆದರೆ ಯಾವ ಸಂಖ್ಯೆ ಅದನ್ನು ಭಾಗಿಸುತ್ತದೆ ಎನ್ನುವುದು ಅವರ ವಿಧಾನದಿಂದ ತಿಳಿಯುವಂತಿರಲಿಲ್ಲ. ಮನೆಯೊಳಗೆ ಯಾರೋ ಇದ್ದಾರೆ, ಯಾರೆಂದು ಗೊತ್ತಿಲ್ಲ, ಅಂಥ ಸ್ಥಿತಿ. ಅದು ಮುಗಿದದ್ದು 1903ರ ಅಕ್ಟೋಬರ್ 31ರಂದು, ನ್ಯೂಯಾರ್ಕಿನಲ್ಲಿ ಸೇರಿದ್ದ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಸಭೆಯಲ್ಲಿ. ಫ್ರಾಂಕ್ ನೆಲ್ಸನ್ ಕೋಲ್ ಎರಡು ಅಪವರ್ತನಗಳನ್ನು ಮುಂದಿಟ್ಟರು. ಅವರು ಒಂದು ಮಾತೂ ಆಡದೆ ಬೋರ್ಡಿನ ಮೇಲೆ ಗುಣಾಕಾರ ಬರೆದು ಹೋಗಿ ಕುಳಿತರೆಂದೂ, ಈ ಕೆಲಸಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದವೆಂದೂ ಆಮೇಲೆ ಕಥೆ ಹಬ್ಬಿತು.

ಅದೇ ಕೆಲಸವನ್ನು ಇವತ್ತಿನ ಕಂಪ್ಯೂಟರಿಗೆ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ, ನಮಗೆ ಏನೂ ತಿಳಿಯುವುದಿಲ್ಲ. ನನಗೆ ಬೇಕಿದ್ದದ್ದು ಸಂಖ್ಯೆಯ ಗುಣಗಳನ್ನು ಬಳಸಿಕೊಳ್ಳದೆ ಬೇರೆ ದಾರಿಯೇ ಇಲ್ಲದಷ್ಟು ಚಿಕ್ಕ ಯಂತ್ರ. ಹಾಗಾಗಿ ಆರ್ಡುಯಿನೋ ಊನೊ ಬೋರ್ಡ್ ತೆಗೆದುಕೊಂಡೆ. 8 ಬಿಟ್‌ನ ಚಿಪ್, ಸೆಕೆಂಡಿಗೆ 1.6 ಕೋಟಿ ಮಿಡಿತ, 2 ಕಿಲೋಬೈಟ್ ನೆನಪು. ಅದರಲ್ಲಿ ಸಲೀಸಾಗಿ ಬಳಸಬಹುದಾದ ದೊಡ್ಡ ಪೂರ್ಣಾಂಕ 32 ಬಿಟ್‌ನದು, ಅಂದರೆ 4294967295ರವರೆಗೆ. ಗೋಡೆಯ ಮೇಲಿನ ಸಂಖ್ಯೆಗೆ 67 ಬಿಟ್ ಬೇಕು. ಸಂಖ್ಯೆಯನ್ನೇ ಹಿಡಿದಿಟ್ಟುಕೊಳ್ಳಲಾಗದ ಯಂತ್ರ ಅದರ ಅಪವರ್ತನ ಹುಡುಕಬೇಕು. ಉತ್ತರ ನನಗೆ ಗೊತ್ತಿತ್ತು, ಪ್ರೋಗ್ರಾಮಿಗೆ ಮಾತ್ರ ಅದರ ಸುಳಿವು ಎಲ್ಲೂ ಕೊಡಕೂಡದು ಎಂದು ನಿಯಮ ಹಾಕಿಕೊಂಡೆ.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರೆಡ್‌ಬೋರ್ಡಿನ ಮೇಲೆ ಎರಡು ಸಾಲಿನ, ಸಾಲಿಗೆ 16 ಅಕ್ಷರದ ಎಲ್‌ಸಿಡಿ ಪರದೆ, ಅದರ ಕಾಂಟ್ರಾಸ್ಟ್ ತಿರುಗಿಸಲು ಒಂದು ಪೊಟೆನ್ಷಿಯೊಮೀಟರ್, ಸಿಕ್ಕಿದಾಗ ಉರಿಯಲು ಒಂದು ಕೆಂಪು ಎಲ್‌ಇಡಿ. ಮೊದಲು ಪವರ್ ಕೊಟ್ಟಾಗ ಮೇಲಿನ ಸಾಲಿನಲ್ಲಿ ಹದಿನಾರು ಕಪ್ಪು ಚೌಕಗಳಷ್ಟೇ ಕಂಡವು. ಪರದೆಗೆ ಕರೆಂಟ್ ಇದೆ, ಆದೇಶ ತಲುಪುತ್ತಿಲ್ಲ ಎಂದರ್ಥ. ಒಂದು ಡೇಟಾ ವೈರ್ ತೂತಿನಲ್ಲಿ ಅರ್ಧವಷ್ಟೇ ಕೂತಿತ್ತು. ಒತ್ತಿದ ಮೇಲೆ ಸರಿಯಾಯಿತು.

ನಿಜವಾದ ಕೆಲಸ ಕಾಗದದ ಮೇಲೆ ಶುರುವಾಯಿತು.

ಒಂದು ಅವಿಭಾಜ್ಯ ಸಂಖ್ಯೆ 2⁶⁷ − 1ನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳಿ. ಆಗ 2⁶⁷ನ್ನು ಅದರಿಂದ ಭಾಗಿಸಿದರೆ ಶೇಷ 1. ಅಂದರೆ 1ರಿಂದ ಶುರುಮಾಡಿ, ದ್ವಿಗುಣ ಮಾಡುತ್ತ, ಪ್ರತಿ ಸಲ ಶೇಷ ಮಾತ್ರ ಉಳಿಸಿಕೊಳ್ಳುತ್ತ ಹೋದರೆ 67ನೇ ಹೆಜ್ಜೆಗೆ ಮತ್ತೆ 1ಕ್ಕೆ ಬಂದು ನಿಲ್ಲುತ್ತೇವೆ. ಇದು ಒಂದು ಚಕ್ರ. ಈ ಚಕ್ರದ ಉದ್ದ 67ನ್ನು ನಿಶ್ಶೇಷವಾಗಿ ಭಾಗಿಸಬೇಕು. 67 ಸ್ವತಃ ಅವಿಭಾಜ್ಯ, ಆದ್ದರಿಂದ ಉದ್ದ ಸರಿಯಾಗಿ 67. ಇನ್ನೊಂದು ಕಡೆ ಫರ್ಮಾ ಅವರ ಕಿರು ಪ್ರಮೇಯ ಹೇಳುತ್ತದೆ: ಬೆಸ ಅವಿಭಾಜ್ಯ ಯಾವುದೇ ಇರಲಿ, ಅದಕ್ಕಿಂತ ಒಂದು ಕಡಿಮೆ ಹೆಜ್ಜೆ ಇಟ್ಟರೆ 1ಕ್ಕೆ ಮರಳುತ್ತೇವೆ. ಎರಡನ್ನೂ ಕೂಡಿಸಿದರೆ, ಆ ಅವಿಭಾಜ್ಯದಿಂದ 1 ಕಳೆದರೆ ಬರುವುದು 67ರ ಗುಣಕ. ಅದು ಸಮ ಸಂಖ್ಯೆಯೂ ಹೌದು, ಆದ್ದರಿಂದ 134ರ ಗುಣಕ.

ಒಂದೇ ಏಟಿಗೆ ಹುಡುಕಾಟದ ಜಾಗ ಎಷ್ಟು ಕಿರಿದಾಯಿತು ನೋಡಿ. 134ಕ್ಕೆ ಒಂದು ಕೂಡಿಸಿದರೆ 135, ಎರಡನೆಯದು 269, ಮೂರನೆಯದು 403, ಹೀಗೆ ಮೆಟ್ಟಿಲು ಹತ್ತುತ್ತ ಹೋಗಬೇಕು. ನಡುವಿನ ಸಂಖ್ಯೆಗಳತ್ತ ತಿರುಗಿಯೂ ನೋಡಬೇಕಿಲ್ಲ. ಇಲ್ಲಿಂದ ಮುಂದೆ ನಾನು ಮೆಟ್ಟಿಲು ಎಂದಾಗಲೆಲ್ಲ ಅರ್ಥ ಇದೇ: ಮೆಟ್ಟಿಲನ್ನು 134ರಿಂದ ಗುಣಿಸಿ 1 ಕೂಡಿಸಿದರೆ ಅಭ್ಯರ್ಥಿ.

ಎರಡನೆಯ ಗುಣ ನನಗೆ ಇನ್ನೂ ಇಷ್ಟ. 2⁶⁷ರ ಶೇಷ 1 ಆದರೆ 2⁶⁸ರ ಶೇಷ 2. ಆದರೆ 2⁶⁸ ಅನ್ನುವುದು 2³⁴ರ ವರ್ಗ. ಹಾಗಾದರೆ ನಮ್ಮ ಅವಿಭಾಜ್ಯದ ಲೆಕ್ಕದಲ್ಲಿ 2 ಒಂದು ಪೂರ್ಣ ವರ್ಗದ ಶೇಷ. 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಅವಿಭಾಜ್ಯಗಳಿಗೆ ಮಾತ್ರ ಈ ಗುಣ ಇರುತ್ತದೆ. ಮೆಟ್ಟಿಲಿನ ಭಾಷೆಯಲ್ಲಿ ಹೇಳಿದರೆ, ಮೆಟ್ಟಿಲನ್ನು 4ರಿಂದ ಭಾಗಿಸಿದಾಗ 0 ಅಥವಾ 1 ಉಳಿಯಬೇಕು. 2, 3 ಉಳಿದರೆ ಬಿಟ್ಟು ಮುಂದೆ ಹೋಗಬಹುದು. ಅರ್ಧದಷ್ಟು ಕೆಲಸ ಹೋಯಿತು.

ಹುಡುಕಾಟದ ಮಿತಿಯಾಗಿ 20,00,000 ಮೆಟ್ಟಿಲು ಇಟ್ಟೆ. ಕೊನೆಯ ಅಭ್ಯರ್ಥಿ 26.8 ಕೋಟಿಯ ಆಸುಪಾಸು, 32 ಬಿಟ್‌ನೊಳಗೆ ಆರಾಮವಾಗಿ ಕೂರುತ್ತದೆ. ಅರ್ಧ ಬಿಟ್ಟ ಮೇಲೆ ಪರೀಕ್ಷಿಸಬೇಕಾದವು ಸರಿಯಾಗಿ 10 ಲಕ್ಷ.

ಪರೀಕ್ಷೆಗೆ 2⁶⁷ರ ಶೇಷ ಬೇಕು. ಅದಕ್ಕೆ ಎಲ್ಲರೂ ಮಾಡುವಂತೆ ವರ್ಗ ಮಾಡುತ್ತ ಹೋಗುವ ವಿಧಾನ ಬರೆದೆ. 2, ಅದರ ವರ್ಗ 4, ಆಮೇಲೆ 16, 256, 65536. ಮತ್ತೆ ವರ್ಗ ಮಾಡಿದರೆ 2³², ದ್ವಿಗುಣ ಮಾಡಿದರೆ 2³³, ವರ್ಗ ಮಾಡಿದರೆ 2⁶⁶, ಮತ್ತೆ ದ್ವಿಗುಣ ಮಾಡಿದರೆ 2⁶⁷. ಪ್ರತಿ ಹೆಜ್ಜೆಗೂ ಅಭ್ಯರ್ಥಿಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳುವುದು. ಕೊನೆಗೆ 1 ಉಳಿದರೆ ಎಲ್‌ಇಡಿ ಹಚ್ಚು, ಎಲ್ಲೂ ಸಿಗದಿದ್ದರೆ ಪರದೆಯಲ್ಲಿ 0 ತೋರಿಸು.

ಮೊದಲು ಚಿಕ್ಕ ಘಾತಗಳಲ್ಲಿ ಪರೀಕ್ಷಿಸಿದೆ; 134ರ ಜಾಗದಲ್ಲಿ ಆಯಾ ಘಾತದ ಎರಡರಷ್ಟು, ಮೆಟ್ಟಿಲು ಬಿಡುವ ನಿಯಮವೂ ಅದಕ್ಕೆ ತಕ್ಕಂತೆ. 2¹¹ − 1ಕ್ಕೆ 23 ಬಂತು. 2²³ − 1ಕ್ಕೆ 47. 2²⁹ − 1ಕ್ಕೆ 233. 2³⁷ − 1ಕ್ಕೆ 223. ನಾಲ್ಕೂ ಸರಿ. ಧೈರ್ಯ ಬಂತು, 67 ಹಾಕಿದೆ.

ಅಭ್ಯರ್ಥಿ ಬದಲಾದಾಗಲೆಲ್ಲ ಪರದೆಯಲ್ಲಿ ಬರೆಯುವಂತೆ ಮಾಡಿದ್ದೆ. ಅಂಕಿಗಳು ಓಡುವುದನ್ನು ನೋಡಲು ಚೆನ್ನಾಗಿತ್ತು, ಆದರೆ ಸ್ವಲ್ಪ ಹೊತ್ತಿಗೇ ತಿಳಿಯಿತು, ಸಮಯವೆಲ್ಲ ಲೆಕ್ಕಕ್ಕಲ್ಲ, ಬರವಣಿಗೆಗೇ ಹೋಗುತ್ತಿದೆ. ಈ ಪರದೆಗೆ ಒಂದೊಂದು ಅಕ್ಷರವನ್ನೂ ಎರಡು ತುಂಡಾಗಿ ಕಳಿಸಿ ಕಾಯಬೇಕು. 4096 ಅಭ್ಯರ್ಥಿಗಳಿಗೆ ಒಮ್ಮೆ ಮಾತ್ರ ಬರೆಯುವಂತೆ ಬದಲಿಸಿ ಮತ್ತೆ ಹಚ್ಚಿದೆ.

ಓಟ ಮುಗಿಯಿತು. ಎಲ್‌ಇಡಿ ಉರಿಯಲಿಲ್ಲ. ಪರದೆಯಲ್ಲಿ 0.

ಇದನ್ನು ನೋಡಿ ನನಗೆ ನಿಜಕ್ಕೂ ಕಸಿವಿಸಿಯಾಯಿತು. ಅಪವರ್ತನ ಈ ಮಿತಿಯೊಳಗೇ ಇದೆ ಎಂದು ಗೊತ್ತಿದ್ದರಿಂದ ಮಾತ್ರ ಇದು ತಪ್ಪೆಂದು ತಿಳಿಯಿತು. ಯಾರೂ ಒಡೆಯದ ಸಂಖ್ಯೆಯಾಗಿದ್ದರೆ 26.8 ಕೋಟಿಯವರೆಗೆ ಅಪವರ್ತನವಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮುಂದಕ್ಕೆ ಹೋಗಿರುತ್ತಿದ್ದೆ. ನಾಲ್ಕು ಪರೀಕ್ಷೆ ಪಾಸಾದ ಪ್ರೋಗ್ರಾಮ್ ಅದು.

ಮೊದಲು ಮೆಟ್ಟಿಲು ಬಿಡುವ ನಿಯಮವನ್ನೇ ಅನುಮಾನಿಸಿದೆ. ಅದನ್ನು ತೆಗೆದು ಎಲ್ಲ ಮೆಟ್ಟಿಲುಗಳನ್ನೂ ನೋಡಿಸಿದೆ. ಮತ್ತೆ 0. ವೈರುಗಳನ್ನು ಒತ್ತಿ ನೋಡಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಮಾಡಬೇಕಾದದ್ದನ್ನು ಮಾಡಿದೆ: ಸಿಕ್ಕಿತೋ ಇಲ್ಲವೋ ಎಂಬ ತೀರ್ಪನ್ನು ಬಿಟ್ಟು, ಪ್ರತಿ ಅಭ್ಯರ್ಥಿಯ ಶೇಷವನ್ನೇ ಕಂಪ್ಯೂಟರಿಗೆ ಕಳಿಸಿ ಸಾಲಾಗಿ ಮುದ್ರಿಸಿದೆ.

ಆರಂಭದಲ್ಲಿ ಬಗೆಬಗೆಯ ಶೇಷಗಳು. 489ನೇ ಮೆಟ್ಟಿಲು, ಅಭ್ಯರ್ಥಿ 65527, ಅಲ್ಲಿಯವರೆಗೂ ಎಲ್ಲ ಹಾಗೆಯೇ. ನಿಯಮದ ಪ್ರಕಾರ ಮುಂದಿನದು 492ನೇ ಮೆಟ್ಟಿಲು, ಅಭ್ಯರ್ಥಿ 65929. ಅಲ್ಲಿ ಶೇಷ 0. ಅದರ ಮುಂದಿನದಕ್ಕೂ 0. ಕೆಳಗೆ ಎಳೆದಷ್ಟೂ 0, 0, 0.

ಆ ಸೊನ್ನೆಗಳನ್ನು ಕಂಡೊಡನೆ ಎಲ್ಲಿ ಮುರಿದಿದೆ ಎನ್ನುವುದು ಗೊತ್ತಾಗುವ ಮೊದಲೇ ಮುರಿದಿದೆ ಎನ್ನುವುದು ಖಚಿತವಾಯಿತು. 2⁶⁷ರಲ್ಲಿ ಎರಡುಗಳನ್ನು ಬಿಟ್ಟರೆ ಇನ್ನೊಂದು ಅಪವರ್ತನವೇ ಇಲ್ಲ. ಬೆಸ ಸಂಖ್ಯೆಯೊಂದು ಅದನ್ನು ನಿಶ್ಶೇಷವಾಗಿ ಭಾಗಿಸುವುದು ಸಾಧ್ಯವೇ ಇಲ್ಲ. ನನ್ನ ಅಭ್ಯರ್ಥಿಗಳೆಲ್ಲ ಬೆಸ. ಶೇಷ 1 ಬರಬಹುದು, 2 ಬರಬಹುದು, ಲಕ್ಷವೂ ಬರಬಹುದು, 0 ಮಾತ್ರ ಬರಕೂಡದು. ಒಂದು ಸೊನ್ನೆ ಕಂಡಿದ್ದರೂ ಸಾಕಿತ್ತು.

ಕಾರಣ 65536ರ ಹತ್ತಿರವೇ ಇತ್ತು. ಅಭ್ಯರ್ಥಿ 65536ಕ್ಕಿಂತ ದೊಡ್ಡದಾದರೆ, ವರ್ಗ ಮಾಡುವ ಸರಪಳಿಯಲ್ಲಿ 65536 ಹಾಗೆಯೇ ಉಳಿಯುತ್ತದೆ. ಅದನ್ನು ಅದರಿಂದಲೇ ಗುಣಿಸಿದರೆ 4294967296, ಅಂದರೆ 2³². 32 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆಗಿಂತ ಸರಿಯಾಗಿ ಒಂದು ಹೆಚ್ಚು. ತುಂಬಿ ಹರಿದ ಮೇಲೆ ಪಾತ್ರೆಯಲ್ಲಿ ಉಳಿಯುವುದು 0. ಸೊನ್ನೆಯ ದ್ವಿಗುಣ ಸೊನ್ನೆ, ವರ್ಗವೂ ಸೊನ್ನೆ, ಕೊನೆಯ ಉತ್ತರವೂ ಸೊನ್ನೆ. ಬೋರ್ಡ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ, ಲೆಕ್ಕ ಮುಂದುವರಿಸುತ್ತದೆ.

ನನ್ನ ನಾಲ್ಕು ಪರೀಕ್ಷೆಗಳ ಉತ್ತರಗಳು 23, 47, 233, 223. ಎಲ್ಲವೂ 65536ಕ್ಕಿಂತ ಎಷ್ಟೋ ಕೆಳಗೆ. ಅಷ್ಟು ಚಿಕ್ಕ ಭಾಜಕ ಇದ್ದರೆ ಶೇಷದ ವರ್ಗ ಯಾವತ್ತೂ 32 ಬಿಟ್ ದಾಟುವುದಿಲ್ಲ. ಎಣಿಸಿ ನೋಡಿದೆ: 489ನೇ ಮೆಟ್ಟಿಲಿನವರೆಗೆ ನಿಯಮಕ್ಕೆ ಒಪ್ಪುವ ಅಭ್ಯರ್ಥಿಗಳು 245. ಹತ್ತು ಲಕ್ಷದಲ್ಲಿ 245ನ್ನು ಮಾತ್ರ ನಿಜವಾಗಿ ಪರೀಕ್ಷಿಸಿ, ಉಳಿದ 9,99,755ನ್ನು ನೋಡದೆಯೇ ತಳ್ಳಿಹಾಕಿತ್ತು.

ಹಾಗಾದರೆ ಯಾವ ಪರೀಕ್ಷೆ ಇದನ್ನು ಹಿಡಿಯುತ್ತಿತ್ತು? 2⁵⁹ − 1. ಅದರ ಚಿಕ್ಕ ಅಪವರ್ತನ 179951, ಗಡಿಯ ಆಚೆಗಿನದು. ಹಳೆಯ ಪ್ರೋಗ್ರಾಮಿಗೇ ಅದನ್ನು ಕೊಟ್ಟು, ಪಕ್ಕದಲ್ಲಿ ಪೆನ್ನು ಹಿಡಿದು ಕೂತೆ. 2²⁹ನ್ನು 179951ರಿಂದ ಭಾಗಿಸಿದರೆ 77079 ಉಳಿಯುತ್ತದೆ. ಅದರ ವರ್ಗ 5941172241. ಕಾಗದದ ಮೇಲೆ ಇದನ್ನು 179951ರಿಂದ ಭಾಗಿಸಿದರೆ ಶೇಷ 89976, ದ್ವಿಗುಣ ಮಾಡಿದರೆ 179952, 179951 ಕಳೆದರೆ 1. ಸರಿಯಾಯಿತು. ಬೋರ್ಡಿನಲ್ಲಿ ಮಾತ್ರ 5941172241 ಹಿಡಿಯದೆ 4294967296 ಚೆಲ್ಲಿಹೋಗಿ 1646204945 ಉಳಿಯುತ್ತದೆ. ಅದರ ಶೇಷ 13197, ದ್ವಿಗುಣ 26394. ಪರದೆಯಲ್ಲಿ ಬಂದದ್ದೂ 26394. ತಪ್ಪು ಉತ್ತರವನ್ನು ಕೊನೆಯ ಅಂಕಿಯವರೆಗೆ ಕೈಯಾರೆ ಹುಟ್ಟಿಸಲು ಸಾಧ್ಯವಾದ ಮೇಲೆಯೇ ದೋಷ ಪೂರ್ತಿ ಅರ್ಥವಾಯಿತು ಎಂದು ನಾನು ಒಪ್ಪುವುದು. ಈ ಅಭ್ಯಾಸವನ್ನು ಯಾರಿಗಾದರೂ ಶಿಫಾರಸು ಮಾಡುತ್ತೇನೆ.

ರಿಪೇರಿಗೆ ಎರಡು ದಾರಿ ಇದ್ದವು. 64 ಬಿಟ್‌ನ ಗುಣಾಕಾರ, ಭಾಗಾಕಾರ ಬಳಸುವುದು ಒಂದು. ಈ ಚಿಪ್‌ನಲ್ಲಿ ಅದು ನಡೆಯುತ್ತದೆ, ಆದರೆ 64 ಬಿಟ್‌ನ ಭಾಗಾಕಾರ ಬಹಳ ನಿಧಾನ. ಇನ್ನೊಂದು ದಾರಿ ಸಂಖ್ಯೆಯ ಸ್ವಭಾವದಲ್ಲೇ ಇತ್ತು. ನಾವು ಹುಡುಕುತ್ತಿರುವುದು 2ರ ಘಾತದ ಶೇಷ. ಗುಣಾಕಾರವೇ ಬೇಕಿಲ್ಲ. 1ರಿಂದ ಶುರುಮಾಡಿ 67 ಸಲ ದ್ವಿಗುಣ ಮಾಡು, ಅಭ್ಯರ್ಥಿಯಷ್ಟಾದರೆ ಅಥವಾ ಮೀರಿದರೆ ಅಭ್ಯರ್ಥಿಯನ್ನು ಕಳೆ. ಅಷ್ಟೇ. ದ್ವಿಗುಣ ಎಂದರೆ ಬಿಟ್‌ಗಳನ್ನು ಒಂದು ಮನೆ ಎಡಕ್ಕೆ ಸರಿಸುವುದು, ಅದರ ಜೊತೆಗೆ ಒಂದು ಹೋಲಿಕೆ, ಒಂದು ವ್ಯವಕಲನ. ಅಭ್ಯರ್ಥಿ 2³¹ಕ್ಕಿಂತ ಚಿಕ್ಕದಿರುವವರೆಗೆ ದ್ವಿಗುಣ 32 ಬಿಟ್ ದಾಟುವ ಮಾತೇ ಇಲ್ಲ. ಇನ್ನೂ ಸ್ವಲ್ಪ ಉಳಿತಾಯ ಬೇಕೆಂದರೆ 2³¹ನ್ನೇ ನೇರವಾಗಿ ಒಮ್ಮೆ ಭಾಗಿಸಿ ಶೇಷ ಪಡೆದು, ಉಳಿದ 36 ದ್ವಿಗುಣ ಮಾತ್ರ ಮಾಡಬಹುದು. ಹಾಗೆಯೇ ಮಾಡಿದೆ. 1903ರ ಸಂಖ್ಯೆಗೆ 8 ಬಿಟ್‌ನ ಚಿಪ್ ಹೇಳಿಮಾಡಿಸಿದ ಹಾಗಿದೆ.

ಜೊತೆಗೆ ಒಂದು ಜರಡಿಯನ್ನೂ ಸೇರಿಸಿದೆ. ಅಭ್ಯರ್ಥಿಯೇ 3, 5 ಅಥವಾ 7ರಿಂದ ಭಾಗವಾಗುವಂತಿದ್ದರೆ ಅದು ಅವಿಭಾಜ್ಯವಲ್ಲ, ನೋಡುವುದು ವ್ಯರ್ಥ. ಮೆಟ್ಟಿಲನ್ನು 3ರಿಂದ ಭಾಗಿಸಿದಾಗ 1 ಉಳಿದರೆ ಅಭ್ಯರ್ಥಿ 3ರ ಗುಣಕ. 5ರಿಂದ ಭಾಗಿಸಿದಾಗ 1 ಉಳಿದರೆ 5ರ ಗುಣಕ. 7ರಿಂದ ಭಾಗಿಸಿದಾಗ 6 ಉಳಿದರೆ 7ರ ಗುಣಕ. ಕಾಗದದ ಮೇಲೆ ಲೆಕ್ಕ ಹಾಕಿ ಈ 1, 1, 6 ಮೂರನ್ನೂ ಪ್ರೋಗ್ರಾಮಿನಲ್ಲಿ ನೇರವಾಗಿ ಬರೆದೆ. ಪ್ರತಿ 105 ಅಭ್ಯರ್ಥಿಗಳಲ್ಲಿ 48 ಮಾತ್ರ ಜರಡಿಯ ಮೇಲೆ ನಿಲ್ಲುತ್ತವೆ.

ಜರಡಿ ಸೇರಿಸುವ ಮೊದಲೇ 59 ಹಾಕಿ ನೋಡಿದ್ದೆ. ಪರದೆಯಲ್ಲಿ 179951. ಆಮೇಲೆ 67.

ಒಂದು ನಿಮಿಷ ತುಂಬುವ ಮೊದಲೇ ಕೆಂಪು ದೀಪ ಉರಿಯಿತು. ಮೇಲಿನ ಸಾಲಿನಲ್ಲಿ 1445580, ಕೆಳಗೆ 193707721. ಕೋಲ್ ಅವರ ಸಂಖ್ಯೆ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಉತ್ತರ ಮೊದಲೇ ಗೊತ್ತಿದ್ದೂ ಆದ ಸಂತೋಷ ಅದು. 14,45,580ನೇ ಮೆಟ್ಟಿಲು. ಬರೀ ಬೆಸ ಸಂಖ್ಯೆಗಳಿಂದ ಭಾಗಿಸುತ್ತ ಬಂದಿದ್ದರೆ ಇದು 9,68,53,860ನೆಯದಾಗುತ್ತಿತ್ತು. ಎರಡು ನಿಯಮಗಳಿಂದ 7,22,790ನೆಯದಾಯಿತು, ಜರಡಿ ಹಿಡಿದ ಮೇಲೆ ನಿಜವಾಗಿ ಪರೀಕ್ಷೆಗೆ ಬಂದವು ಸುಮಾರು 3,30,000.

ಒಮ್ಮೆ ಏಮಾರಿದ ಯಂತ್ರದ ಮಾತನ್ನು ಹಾಗೆಯೇ ಒಪ್ಪಲು ಮನಸ್ಸಿರಲಿಲ್ಲ. ಪೆನ್ನು ತೆಗೆದುಕೊಂಡೆ. ನೀವೂ ಜೊತೆಗೆ ಮಾಡಿ, ಐದು ನಿಮಿಷದ ಕೆಲಸ. 2²⁸ ಅಂದರೆ 268435456. ಇದರಿಂದ 193707721 ಕಳೆದರೆ 74727735. ಇದನ್ನು 16ರಿಂದ ಗುಣಿಸಿದರೆ 1195643760, ಇದರಿಂದ 193707721ನ್ನು ಆರು ಸಲ ಕಳೆದರೆ 33397434. ಇದು 2³²ರ ಶೇಷ. ಇದರ ವರ್ಗ 1115388597784356. ಇದೊಂದೇ ಭಾಗಾಕಾರ ಉದ್ದದ್ದು: ಭಾಗಲಬ್ಧ 5758100, ಶೇಷ 169494256. ಇದು 2⁶⁴ರದ್ದು. 2⁶⁷ಕ್ಕೆ ಇನ್ನು 8ರಿಂದ ಗುಣಿಸಬೇಕು: 1355954048. ಈಗ 193707721ರ ಏಳರಷ್ಟು ಎಷ್ಟು? 1355954047. ಉಳಿದದ್ದು 1.

ಇಷ್ಟು ದೊಡ್ಡ ಸಂಖ್ಯೆಗಳು ಉರುಳಿ ಉರುಳಿ ಕೊನೆಗೆ ಬರೀ ಒಂದು ಉಳಿಯುವುದನ್ನು ಕೈಯಾರೆ ಕಂಡದ್ದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ.

ಇನ್ನೊಂದು ಅಪವರ್ತನ ಬೇಕು. 67 ಬಿಟ್‌ನ ಸಂಖ್ಯೆಯನ್ನು 32 ಬಿಟ್‌ನಲ್ಲಿ ಭಾಗಿಸುವುದು ಹೇಗೆ? ಶಾಲೆಯಲ್ಲಿ ಕಲಿತ ಹಾಗೆ, ಒಂದೊಂದು ಅಂಕಿ ಕೆಳಗಿಳಿಸುತ್ತ. 21 ಅಂಕಿಗಳನ್ನು 21 ಮನೆಗಳಲ್ಲಿ ಇಟ್ಟೆ. ಶೇಷ ಯಾವಾಗಲೂ 193707721ಕ್ಕಿಂತ ಕಡಿಮೆ, ಅದನ್ನು ಹತ್ತರಿಂದ ಗುಣಿಸಿ ಮುಂದಿನ ಅಂಕಿ ಕೂಡಿಸಿದರೆ ಎಷ್ಟಾದರೂ 194 ಕೋಟಿಯೊಳಗೆ. 32 ಬಿಟ್‌ನ ಮಿತಿ 429 ಕೋಟಿ. ಈ ಸಲ ಮೊದಲೇ ಲೆಕ್ಕ ಹಾಕಿದ್ದೆ.

ಮೊದಲ ಹತ್ತು ಅಂಕಿ 1475739525, ಏಳು ಸಲ ಹೋಗುತ್ತದೆ, ಉಳಿದದ್ದು 119785478. ಎಂಟನ್ನು ಇಳಿಸಿದರೆ 1197854788, ಆರು ಸಲ. ಉಳಿದದ್ದು 35608462. ಒಂಬತ್ತನ್ನು ಇಳಿಸಿದರೆ 356084629, ಒಂದು ಸಲ. ಹೀಗೆ ಒಂದೊಂದಾಗಿ 7, 6, 1, 8, 3, 8, 2, 5, 7, 2, 8 ಪರದೆಗೆ ಬಂದವು. ಕೊನೆಯ 7ನ್ನು ಇಳಿಸಿದಾಗ ಎದುರಿಗಿದ್ದದ್ದು 1355954047. ಪೆನ್ನಿನ ಲೆಕ್ಕದ ಕೊನೆಯಲ್ಲಿ ಸಿಕ್ಕ ಅದೇ ಸಂಖ್ಯೆ, 193707721ರ ಏಳರಷ್ಟು. ಶೇಷ 0. ಬರಬೇಕಾದ ಜಾಗದಲ್ಲಿ ಬಂದ ಸೊನ್ನೆ. ಭಾಗಲಬ್ಧ 761838257287.

ಈ ಎರಡೂ ಅವಿಭಾಜ್ಯವೇ ಎಂದು ನೋಡಲು ಬೇರೆ ಪ್ರೋಗ್ರಾಮ್ ಬರೆಯಲು ಹೊರಟಿದ್ದೆ. ಬರೆಯುವ ಅಗತ್ಯವೇ ಇರಲಿಲ್ಲ. 193707721 ಕೆಳಗಿನಿಂದ ಹುಡುಕಿದಾಗ ಮೊದಲು ಸಿಕ್ಕ ಅಪವರ್ತನ. ಅದು ಮತ್ತೆ ಒಡೆಯುವಂತಿದ್ದರೆ ಅದರ ತುಂಡು ಮೊದಲೇ ಸಿಗುತ್ತಿತ್ತು. ಇನ್ನು 761838257287ರ ವರ್ಗಮೂಲ 872833ಕ್ಕಿಂತ ತುಸು ಹೆಚ್ಚು. ಅದು ಒಡೆಯುವಂತಿದ್ದರೆ 872833ರೊಳಗೆ ಒಂದು ಅವಿಭಾಜ್ಯ ಅದನ್ನು ಭಾಗಿಸಬೇಕು. ಹಾಗೆ ಭಾಗಿಸುವುದು 2⁶⁷ − 1ನ್ನೂ ಭಾಗಿಸುತ್ತದೆ, ಆದ್ದರಿಂದ ಅದೂ ನಮ್ಮ ಮೆಟ್ಟಿಲುಗಳ ಮೇಲೆಯೇ, 6513ನೇ ಮೆಟ್ಟಿಲಿನ ಒಳಗೇ ಇರಬೇಕು. ಅವುಗಳನ್ನೆಲ್ಲ ದಾಟಿಯೇ ಬಂದಿದ್ದೆವು. ಎರಡೂ ಅವಿಭಾಜ್ಯ.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ 193707721ರ ನೆರೆಯ ಸಂಖ್ಯೆ ನನ್ನನ್ನು ಎಳೆಯಿತು. ಒಂದು ಕಳೆದು ಒಡೆದು ನೋಡಿ: 193707720 = 2³ × 3³ × 5 × 67 × 2677. ಎಲ್ಲ ಪುಟ್ಟ ಪುಟ್ಟ ತುಂಡುಗಳು. ಇಂಥ ಅಪವರ್ತನಗಳನ್ನು ಹಿಡಿಯಲೆಂದೇ ಜಾನ್ ಪೊಲಾರ್ಡ್ 1974ರಲ್ಲಿ ಒಂದು ವಿಧಾನ ಕೊಟ್ಟಿದ್ದಾರೆ. ಒಂದು ಆಧಾರ ಸಂಖ್ಯೆಯನ್ನು, ಒಂದು ಮಿತಿಯವರೆಗಿನ ಎಲ್ಲ ಅವಿಭಾಜ್ಯಗಳನ್ನೂ ಅವುಗಳ ಘಾತಗಳನ್ನೂ ಗುಣಿಸಿದರೆ ಬರುವಷ್ಟು ಘಾತಕ್ಕೆ ಏರಿಸಿ, ಒಂದು ಕಳೆದು, ಮೂಲ ಸಂಖ್ಯೆಯೊಡನೆ ಮ.ಸಾ.ಅ. ತೆಗೆಯುವುದು. ಇದಕ್ಕೆ ಬೋರ್ಡ್ ಸಾಲದು, ಕಂಪ್ಯೂಟರಿನಲ್ಲಿ ಪೈಥಾನ್ ಬಳಸಿದೆ. ಮಿತಿ 3000, ಆಧಾರ 2. ಬಂದ ಉತ್ತರ 147573952589676412927. ಸಂಖ್ಯೆ ತನ್ನನ್ನೇ ಹಿಂದಕ್ಕೆ ಕೊಟ್ಟಿತು.

ಇದರಲ್ಲಿ ಪ್ರೋಗ್ರಾಮಿನ ತಪ್ಪಿಲ್ಲ. ಈ ಸಂಖ್ಯೆಯ ಲೆಕ್ಕದಲ್ಲಿ 2ರ ಚಕ್ರ 67 ಹೆಜ್ಜೆಯದು, ಎರಡು ಅಪವರ್ತನಗಳಿಗೂ ಅಷ್ಟೇ. ಘಾತದಲ್ಲಿ 67 ಸೇರಿದ ಕೂಡಲೇ ಎರಡೂ ಒಟ್ಟಿಗೆ ಬಲೆಗೆ ಬೀಳುತ್ತವೆ, ಬೇರೆಯಾಗುವುದಿಲ್ಲ. ಮರ್ಸೆನ್ ಸಂಖ್ಯೆಗೆ, ಅಂದರೆ 2ರ ಘಾತದಿಂದ ಒಂದು ಕಳೆದ ಈ ಜಾತಿಯ ಸಂಖ್ಯೆಗೆ, ಈ ವಿಧಾನದಲ್ಲಿ 2 ಸಲ್ಲದ ಆಧಾರ. 3 ಹಾಕಿದೆ, 193707721 ಬಂತು. ಮಿತಿಯನ್ನು 10,000ಕ್ಕೆ ಏರಿಸಿದರೆ ಮತ್ತೆ ಪೂರ್ತಿ ಸಂಖ್ಯೆ. ಯಾಕೆಂದರೆ 761838257286 = 2 × 3² × 29 × 67 × 2551 × 8539. ಮಿತಿ 2677 ಮುಟ್ಟಿದಾಗ ಚಿಕ್ಕದು ಬೀಳುತ್ತದೆ, 8539 ಮುಟ್ಟಿದಾಗ ದೊಡ್ಡದೂ ಬೀಳುತ್ತದೆ. ಒಂದನ್ನು ಮಾತ್ರ ಹಿಡಿಯುವ ಕಿಂಡಿ ಈ ಎರಡರ ನಡುವೆ ಇದೆ.

ಬೋರ್ಡನ್ನು ಬಿಚ್ಚಿಡುವ ಮೊದಲು ಇನ್ನೊಂದು ಸಂಖ್ಯೆ ನೋಡೋಣ ಎನಿಸಿತು. 67ರ ನಂತರದ ಅವಿಭಾಜ್ಯ 71. 2⁷¹ − 1ಕ್ಕೆ 228479 ಅಪವರ್ತನ ಎಂದು ಗೊತ್ತಿತ್ತು, ಅಂದರೆ ಕ್ಷಣದಲ್ಲಿ ಸಿಗಬೇಕು. 134 ಇದ್ದಲ್ಲಿ 142, 36 ದ್ವಿಗುಣದ ಜಾಗದಲ್ಲಿ 40. ಸಿಕ್ಕ ಮೇಲೂ ನಿಲ್ಲದೆ ಮುಂದುವರಿಯುವಂತೆ ಮಾಡಿದೆ. 8ರ ನಿಯಮ ಬದಲಾಗುವುದಿಲ್ಲ, 142 ಕೂಡ 134ರ ಹಾಗೆ 8ರಿಂದ ಭಾಗಿಸಿದರೆ 6 ಉಳಿಯುವ ಸಂಖ್ಯೆ.

ಓಟ ಮುಗಿಯಿತು. ಪರದೆಯಲ್ಲಿ 0.

ಈ ಸಲ ಹೆಚ್ಚು ಹುಡುಕಬೇಕಾಗಲಿಲ್ಲ. 228479ರ ಮೆಟ್ಟಿಲು 1609. ಅದು ಪರೀಕ್ಷೆಗೆ ಬಂತೇ ಎಂದು ಕೇಳಿದೆ. ಬಂದೇ ಇರಲಿಲ್ಲ. 1609ನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ, ಜರಡಿ ಅದನ್ನು ಕೆಳಗೆ ಬೀಳಿಸಿತ್ತು. ನಾನು ನೇರವಾಗಿ ಬರೆದಿಟ್ಟ 1, 1, 6 ಎಂಬ ಮೂರು ಅಂಕಿ 134ಕ್ಕೆ ಸೇರಿದವು. 142ಕ್ಕೆ ಅವು 2, 2, 3 ಆಗಬೇಕು. ಹಳೆಯ ಜರಡಿ 71ರ ಲೆಕ್ಕದಲ್ಲಿ ಕಸವನ್ನು ಉಳಿಸಿ ಕಾಳನ್ನು ಚೆಲ್ಲುತ್ತಿತ್ತು. ಈಗ ಆ ಅಂಕಿಗಳನ್ನು ಘಾತದಿಂದ ಯಂತ್ರವೇ ಲೆಕ್ಕ ಹಾಕಿಕೊಳ್ಳುವಂತೆ ಬದಲಿಸಿದ್ದೇನೆ. ಜೊತೆಗೆ ಪ್ರತಿ ಓಟದಲ್ಲಿ ಎಲ್ಲಾದರೂ ಶೇಷ 0 ಕಂಡರೆ ಅಲ್ಲಿಯೇ ನಿಂತು ದೀಪ ಮಿಣುಕುವಂತೆ ಒಂದು ಸಾಲು ಸೇರಿಸಿದ್ದೇನೆ. 11, 23, 29, 37ರ ಜೊತೆಗೆ 59 ಕೂಡ ಈಗ ಪರೀಕ್ಷೆಗಳ ಸಾಲಿನಲ್ಲಿ ಕಾಯಂ.

ಮತ್ತೆ 71 ಹಚ್ಚಿದೆ. 1609ನೇ ಮೆಟ್ಟಿಲಿನಲ್ಲಿ ದೀಪ ತಕ್ಷಣ ಉರಿಯಿತು: 228479. ಸ್ವಲ್ಪ ಹೊತ್ತಿನ ನಂತರ 3,41,860ರಲ್ಲಿ 48544121. ಆಮೇಲೆ ಬಹಳ ಹೊತ್ತು ಪರದೆಯ ಅಂಕಿಗಳಷ್ಟೇ ಏರುತ್ತಿದ್ದವು. 14,99,196ರಲ್ಲಿ ಮೂರನೆಯ ಸಲ ಉರಿಯಿತು: 212885833. ಮೂರನ್ನೂ ಕಾಗದದ ಮೇಲೆ ಗುಣಿಸಿ 2⁷¹ − 1ರ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ ನೋಡಿ, ಗೋಡೆಯ ಚೀಟಿಯ ಕೆಳಗೆ ಇನ್ನೊಂದು ಚೀಟಿ ಅಂಟಿಸಿದೆ.